ಅಜ್ಜಿ ಸೀರೆ, ಮಗಳ ರವಿಕೆ, ನನ್ನ ಹದಿನೆಂಟು ದಿನ

ನಾನು ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಒಂದು ಕಾಳು ಬಾಯಿಗೆ ಹಾಕಿ ಕಡಿದರೆ ತೇವಾಂಶ 14 ಇದೆಯೋ 18 ಇದೆಯೋ ಹೇಳಿಬಿಡುತ್ತೇನೆ, ಆಮೇಲೆ ಮೀಟರ್ ಇಟ್ಟು ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಇದನ್ನು ಮೊದಲೇ ಯಾಕೆ ಹೇಳಿಕೊಳ್ತಿದ್ದೇನೆ ಅಂದರೆ, ಈ ಮನುಷ್ಯನಿಗೂ ಏನೋ ಒಂದು ಬರುತ್ತದೆ ಅಂತ ನಿಮಗೆ ಗೊತ್ತಿರಲಿ. ಮುಂದೆ ಓದುತ್ತಾ ಹೋದರೆ ಅನುಮಾನ ಬರುವ ಹಾಗಿದೆ.

ಹೋದ ಡಿಸೆಂಬರ್‌ನ ಮಾತು. ಮಂಡಿಯಲ್ಲಿ ಮೆಕ್ಕೆಜೋಳದ ಸೀಸನ್, ಉಸಿರು ಬಿಡಲು ಪುರುಸೊತ್ತಿಲ್ಲ. ಹೆಂಡತಿ ತಂಗಿಯ ಬಾಣಂತನಕ್ಕೆ ಅಂತ ಬಳ್ಳಾರಿಗೆ ಹೋಗಿ ವಾರವಾಗಿತ್ತು. ನಿಟ್ಟುವಳ್ಳಿಯ ಮನೆಯಲ್ಲಿ ನಾನು, ಮೊಣಕಾಲು ನೋವಿನ ನಮ್ಮವ್ವ, ಮತ್ತೆ ಸೆಕೆಂಡ್ ಪಿಯು ಓದುವ ಮಗಳು. ಮಗಳಿಗೆ ಹದಿನೇಳು. ಆರನೇ ಕ್ಲಾಸಿನ ತನಕ ಸ್ಕೂಟರ್ ಮುಂದೆ ನಿಂತುಕೊಂಡು ದಾರಿಯುದ್ದಕ್ಕೂ ಬಾಯಿ ಮುಚ್ಚದೆ ಮಾತಾಡುತ್ತಿದ್ದ ಹುಡುಗಿ. ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಅವಳ ಮಾತು ಮೂರಕ್ಕೆ ಇಳಿದಿತ್ತು: ಹ್ಞೂಂ, ಉಹೂಂ, ಮತ್ತೆ 'ಬಿಡ್ರಿ ಅಪ್ಪಾಜಿ, ನಿಮಗೆ ಗೊತ್ತಾಗಲ್ಲ'.

ಅಂಥವಳು ಒಂದು ಬುಧವಾರ ರಾತ್ರಿ ರೂಮಿನಿಂದ ತಾನಾಗೇ ಹೊರಗೆ ಬಂದು ನನ್ನ ಪಕ್ಕ ಕೂತಳು. ಎದೆ ಧಸಕ್ಕೆಂದಿತು. ಮಾರ್ಕ್ಸ್ ಕಡಿಮೆ ಬಂದಿರಬೇಕು ಅಂದುಕೊಂಡೆ.

"ಅಪ್ಪಾಜಿ, ಕಾಲೇಜಲ್ಲಿ ಎಥ್ನಿಕ್ ಡೇ. ನನಗೆ ಅಜ್ಜಿ ಸೀರೆ ಬೇಕು."

ಇಷ್ಟೇನಾ ಅಂತ ನಿರಾಳವಾಯಿತು. ಆವತ್ತಿಂದ ಎಥ್ನಿಕ್ ಡೇ ಇದ್ದ ಶನಿವಾರದ ತನಕ ಒಟ್ಟು ಹದಿನೆಂಟು ದಿನ. ಸೀರೆ ಮನೆಯಲ್ಲೇ ಇದೆ, ಉಡುವವಳೂ ಮನೆಯಲ್ಲೇ ಇದ್ದಾಳೆ. ಇದರಲ್ಲಿ ನನಗೇನು ಕೆಲಸ ಅಂದುಕೊಂಡೆ ನೋಡಿ, ಅಲ್ಲಿಂದ ಶುರು.

ಅವ್ವನ ಟ್ರಂಕಿನ ತಳದಲ್ಲಿ, ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಸೀರೆ ಅದು. ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ, ಗಿಣಿ ಹಸಿರು ಒಡಲು, ಕಡುಗೆಂಪು ಅಂಚು. ಅಪ್ಪ ಇಲ್ಲಿ ಹತ್ತಿ ಮಿಲ್ಲಿನಲ್ಲಿದ್ದಾಗ ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬಕ್ಕೆ ಎರಡು ತಿಂಗಳ ಪಗಾರ ಸುರಿದು ತಂದಿದ್ದಂತೆ. ಜರಿ ಮಡಿಕೆಯಲ್ಲಿ ಸೀಳಬಾರದು ಅಂತ ಅವ್ವ ಪ್ರತಿ ಮಹಾನವಮಿಗೂ ಅದನ್ನು ಬಿಚ್ಚಿ, ಮಡಿಕೆ ಬದಲಿಸಿ ಇಡುತ್ತಾಳೆ. ನಾನು ಮಗಳಿಗೆ ಸ್ವಲ್ಪ ತಿಳಿವಳಿಕೆ ಕೊಡೋಣ ಅಂತ, ನೋಡು ಪುಟ್ಟಿ, ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆ, 1997ರ ತನಕ ನಾವೂ ಅದೇ ಜಿಲ್ಲೆಯವರೇ, ಆ ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಅಲ್ಲಿ ಅಶೋಕನ ಶಾಸನ, ಸಿದ್ದಾಪುರದಲ್ಲಿ ಇನ್ನೊಂದು, ಜಟಿಂಗ ರಾಮೇಶ್ವರದಲ್ಲಿ ಮತ್ತೊಂದು ಅಂತ ಶುರು ಮಾಡಿದೆ.

"ಅಪ್ಪಾಜಿ, ಅಶೋಕ ಬ್ಲೌಸ್ ಹೊಲಿದು ಕೊಡ್ತಾನಾ?"

ಬಾಯಿ ಮುಚ್ಚಿದೆ. ಬ್ಲೌಸೇ ಇರಲಿಲ್ಲ. ಅವ್ವನ ಕಾಲದ ರವಿಕೆ ಇತ್ತು, ತೋಳು ಮುಟ್ಟಿದರೆ ಪುಡಿ. ಫಾಲ್ಸ್ ಕೂಡ ಸವೆದು ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಅವ್ವ ಸೀರೆ ಕೊಟ್ಟಳು, ಆದರೆ ಷರತ್ತು ಹಾಕಿದಳು. "ಕತ್ತರಿ ತಾಗಿಸ್ಬ್ಯಾಡ್ರಿ. ಪಿನ್ನು ಚುಚ್ಚಬ್ಯಾಡ್ರಿ. ಎಣ್ಣಿ ಜಿಡ್ಡು ಬಿದ್ರೆ ನನ್ ಹೆಣದ ಮ್ಯಾಲೆ ಹಾಕ್ರಿ ಅದನ್ನ." ಮೂರೂ ಮುರಿದವು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಹೆಂಡತಿಗೆ ಫೋನ್ ಮಾಡಿದೆ. ಆ ಕಡೆ ಕೂಸು ಅಳ್ತಿತ್ತು, ಈ ಕಡೆ ನಾನು ಮಂಡಿಯ ಚೀಟಿಯ ಹಿಂದೆ ಬರೆದುಕೊಳ್ತಿದ್ದೆ: ಬ್ಲೌಸ್ ಬಟ್ಟೆ ಒಂದು ಮೀಟರ್, ಲೈನಿಂಗ್ ಒಂದು ಮೀಟರ್, ಫಾಲ್ಸ್ ಒಂದು, ಸೆರಗಿಗೆ ಕುಚ್ಚು ಹಾಕಿಸಬೇಕಾ ಅವಳನ್ನು ಕೇಳಿ, ಲೈನಿಂಗ್ ಮತ್ತೆ ಫಾಲ್ಸ್ ಎರಡನ್ನೂ ಹೊಲಿಯುವ ಮೊದಲು ನೀರಲ್ಲಿ ನೆನೆಸಿ, ಇಲ್ಲಾಂದ್ರೆ ಆಮೇಲೆ ಕುಗ್ಗಿ ಸೀರೆ ಸುಕ್ಕು ಸುಕ್ಕಾಗಿ ಎಳೆಯುತ್ತದೆ. ಫೋನ್ ಇಡುವ ಮೊದಲು ಅವಳು "ರೀ, ಅಂಗಡೀಲಿ ಅವಳ ಮರ್ಯಾದೆ ತೆಗೀಬೇಡಿ" ಅಂದಳು. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು ಅಂತ ಆಗ ಹೊಳೆಯಿತು.

ಭಾನುವಾರ ಚೌಕಿಪೇಟೆಗೆ ಹೊರಟೆವು. ನನ್ನ ಗಾಡಿಯಲ್ಲೇ, ಯಾಕಂದ್ರೆ ಅವಳಿಗಿನ್ನೂ ಲೈಸೆನ್ಸ್ ಬರುವ ವಯಸ್ಸಾಗಿಲ್ಲ. ಫ್ರೆಂಡ್ಸ್ ಎಲ್ಲ ಓಡಿಸ್ತಾರೆ ಅಂತ ಅವಳ ದೂರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಜೊತೆಗೆ 3 ವರ್ಷದ ತನಕ ಜೈಲು. "ನಾನು ಜೈಲಿಗೆ ಹೋದರೆ ನಿನ್ನನ್ನು ಟ್ಯೂಷನ್‌ಗೆ ಬಿಡೋರು ಯಾರು?" ಅಂದರೆ, "ನಾನೇ ಗಾಡೀಲಿ ಹೋಗ್ತೀನಲ್ಲ" ಅನ್ನುತ್ತಾಳೆ. ತರ್ಕದಲ್ಲಿ ತಪ್ಪಿಲ್ಲ.

ಗಾಡಿ ನಿಲ್ಲಿಸಿದ ಮೇಲೆ ನನಗೆ ಸೂಚನೆಗಳಾದವು. ಚೌಕಾಸಿ ಮಾಡಬಾರದು. ಇವಳು ನನ್ನ ಮಗಳು, ಸೈನ್ಸ್ ಓದ್ತಾಳೆ ಅಂತ ಅಂಗಡಿಯವರಿಗೆ ಹೇಳಬಾರದು. ಮಂಡಿಯಲ್ಲಿ ಕೂಗಿದ ಹಾಗೆ ಕೂಗಬಾರದು. ನಾನು ಒಪ್ಪಿದೆ. ಅಂಗಡಿ ಮೆಟ್ಟಿಲು ಹತ್ತಿ ಮೂರು ನಿಮಿಷದಲ್ಲಿ ಮೂರನ್ನೂ ಮಾಡಿದ್ದೆ, ಬೇಕಂತ ಮಾಡಿದ್ದಲ್ಲ, ಬಾಯಿ ತೆರೆದರೆ ತಾನಾಗೇ ಬರ್ತದೆ. ಅವಳು ನಾಲ್ಕು ಹೆಜ್ಜೆ ಆಚೆ ಸರಿದು, ಯಾರೋ ಬೇರೆಯವರ ಜೊತೆ ಬಂದವಳ ಹಾಗೆ ಬಟನ್ ಡಬ್ಬಿ ನೋಡತೊಡಗಿದಳು.

ಮ್ಯಾಚಿಂಗ್ ಸೆಂಟರ್ ಒಳಗೆ ಗಂಡಸರು ಒಮ್ಮೆಯಾದರೂ ಹೋಗಿ ನೋಡಬೇಕು. ಗೋಡೆಯ ತುಂಬ ಬಟ್ಟೆಯ ಸುರುಳಿ, ನನಗೆ ಕಂಡದ್ದು ಒಂದು ಆರೇಳು ಬಣ್ಣ. ಅಂಗಡಿಯಾತ ಮತ್ತೆ ನನ್ನ ಮಗಳು ಬೇರೆಯೇ ಭಾಷೆಯಲ್ಲಿ ಮಾತಾಡ್ತಿದ್ದರು. ಎಂ.ಎಸ್. ಬ್ಲೂ ಅಂತೆ, ರಾಮಾ ಗ್ರೀನ್ ಅಂತೆ, ಆನಿಯನ್ ಪಿಂಕ್ ಅಂತೆ. ಈರುಳ್ಳಿ ಲೋಡುಗಟ್ಟಲೆ ನೋಡಿದವನು ನಾನು, ಆ ಬಣ್ಣದ ಈರುಳ್ಳಿ ಯಾವ ಊರಿಂದ ಬರ್ತದೋ ಗೊತ್ತಾಗಲಿಲ್ಲ. ಸೀರೆಯ ಅಂಚಿಗೆ ಹೊಂದುವ ಕೆಂಪು ಬೇಕಿತ್ತು. ಆತ ಹನ್ನೊಂದು ಕೆಂಪು ಹರವಿದ. ಮರೂನ್, ವೈನ್, ಚೆರ್ರಿ, ಇಟ್ಟಿಗೆ, ಇನ್ನೂ ಏನೇನೋ. ಎಲ್ಲ ಒಂದೇ ತರ ಇದೆಯಲ್ಲ ಅಂದೆ. ಇಬ್ಬರೂ ನನ್ನ ಕಡೆ ನೋಡಿದರು. ಹಸಿ ಜೋಳಕ್ಕೂ ಒಣ ಜೋಳಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಮಂಡಿಗೆ ಬಂದವರನ್ನು ನಾನು ನೋಡುವುದೂ ಹಾಗೇ.

ಕೊನೆಗೆ ಆತ ಸೀರೆಯನ್ನೂ ಎರಡು ತುಂಡು ಬಟ್ಟೆಯನ್ನೂ ಎತ್ತಿಕೊಂಡು ಅಂಗಡಿ ಬಾಗಿಲಿಗೆ ಬಂದ. ಟ್ಯೂಬ್‌ಲೈಟ್ ಬೆಳಕು ಸುಳ್ಳು ಹೇಳುತ್ತೆ ಸರ್, ಬಣ್ಣ ಬಿಸಿಲಲ್ಲೇ ನೋಡಬೇಕು ಅಂದ. ನಿಜ ಹೇಳ್ತೇನೆ, ಬಿಸಿಲಿಗೆ ಹಿಡಿದಾಗ ನನಗೂ ಕಂಡಿತು, ಒಂದು ಕೆಂಪಿನೊಳಗೆ ಸ್ವಲ್ಪ ಕಪ್ಪಿತ್ತು, ಇನ್ನೊಂದರೊಳಗೆ ನೀಲಿ. "ಆ ಕಪ್ಪು ಇರೋದೇ ಸರಿ ಅನ್ಸುತ್ತೆ" ಅಂದೆ. ಮಗಳು ಏನೂ ಹೇಳದೆ ಅದನ್ನೇ ಕತ್ತರಿಸಲು ಹೇಳಿದಳು. ವರ್ಷದಲ್ಲಿ ಅವಳು ಒಪ್ಪಿದ ನನ್ನ ಮೊದಲ ಮಾತು ಅದು.

ಆ ಹುಮ್ಮಸ್ಸಿನಲ್ಲೇ ಮನೆಗೆ ಬಂದು ನೆನೆಸುವ ಕೆಲಸ ನಂದು ಅಂದೆ. ಕೆಂಪು ಲೈನಿಂಗ್, ಕೆಂಪು ಫಾಲ್ಸ್, ಎರಡನ್ನೂ ಬಕೆಟ್‌ಗೆ ಹಾಕಿದೆ. ಆ ಬಕೆಟ್‌ನಲ್ಲಿ ನನ್ನ ಮೂರು ಬಿಳೀ ಬನಿಯನ್ ಮೊದಲೇ ನೆಂದಿದ್ದವು ಅನ್ನುವುದನ್ನು ನಾನು ನೋಡಿರಲಿಲ್ಲ, ಅಷ್ಟೇ. ಬೆಳಗ್ಗೆ ತಂತಿಯ ಮೇಲೆ ಒಣಗಲು ಹಾಕುವಾಗ ಮಗಳು ಬಂದು ನಿಂತು, ಬಹಳ ಹೊತ್ತು ನೋಡಿ, "ಅಪ್ಪಾಜಿ, ಇದೇ ಆನಿಯನ್ ಪಿಂಕ್" ಅಂದಳು. ಆಮೇಲೆ ನಕ್ಕಳು ನೋಡಿ, ಗೋಡೆ ಹಿಡಿದುಕೊಂಡು, ಕೂತು, ಕಣ್ಣಲ್ಲಿ ನೀರು ಬರುವ ತನಕ. ಆ ಬನಿಯನ್ ಈಗಲೂ ಹಾಕಿಕೊಳ್ತೇನೆ, ಅಂಗಿಯ ಒಳಗೆ ಯಾರಿಗೆ ಕಾಣಬೇಕು.

ಟೈಲರ್ ಅಕ್ಕನ ವಿಷಯ ಬೇಗ ಮುಗಿಸುತ್ತೇನೆ, ಯಾಕಂದ್ರೆ ಇದು ಎಲ್ಲರ ಮನೆಯ ಕಥೆ. ಅಳತೆ ಬ್ಲೌಸ್ ತನ್ನಿ ಅಂದರು. ಇದೇ ಮೊದಲ ಬ್ಲೌಸ್ ಅಂದೆವು. ಹಾಗಾದರೆ ಟೇಪಿನಲ್ಲೇ ಅಳತೆ ತಗೋತೀನಿ ಅಂತ ಇವಳನ್ನು ಒಳಗೆ ಕರೆದುಕೊಂಡರು, ನಾನು ಹೊರಗೆ ಕಟ್ಟೆ ಮೇಲೆ. ತೋಳು ಮೊಣಕೈ ತನಕ ಇರಬೇಕಾ, ಬುಗ್ಗೆ ಕೈ ಇರಬೇಕಾ ಅಂತ ಒಳಗೆ ಅರ್ಧ ಗಂಟೆ ಚರ್ಚೆ. ಬುಗ್ಗೆ ಕೈ ನಮ್ಮವ್ವನ ಕಾಲದ್ದು, ಈಗ ಅದು ಹೊಸ ಫ್ಯಾಷನ್ನಂತೆ. ಮಂಗಳವಾರ ಬರ್ರಿ ಅಂದರು. ಮಂಗಳವಾರ ಹೋದರೆ ಗುರುವಾರ. ಗುರುವಾರ ಹೋದರೆ ಕರೆಂಟಿರಲಿಲ್ಲ ಅಣ್ಣಾರೆ, ಮದುವೆ ಆರ್ಡರ್ ಬೇರೆ ಇದೆ, ಶನಿವಾರ. ಮಂಡಿಯಲ್ಲಿ ರೈತರಿಗೆ "ನಾಳೆ ಬನ್ನಿ, ಪಟ್ಟಿ ಕೊಡ್ತೀವಿ" ಅಂತ ನಾವು ಹೇಳುವ ದನಿಯೇ ಅದು. ಹೇಳಿಸಿಕೊಳ್ಳುವ ಜಾಗದಲ್ಲಿ ನಿಂತಾಗ ಹೊಟ್ಟೆ ಉರಿಯಿತು.

ಅದಕ್ಕಿಂತ ದೊಡ್ಡ ಸುದ್ದಿ ಶನಿವಾರ ಸಿಕ್ಕಿತು. ಫಾಲ್ಸ್ ಹಾಕುವ ಹೆಂಗಸು ಊರಿಗೆ ಹೋಗಿದ್ದಾರೆ, ಬರುವುದು ಸಂಕ್ರಾಂತಿ ಆದಮೇಲೆ. ಮಷೀನಿನಲ್ಲಿ ಹಾಕಿಬಿಡಿ ಅಂದೆ. ಹಳೇ ರೇಷ್ಮೆ ಅಣ್ಣಾರೆ, ಮಷೀನ್ ಓಡಿಸಿದರೆ ಎಳೆದುಕೊಳ್ಳುತ್ತೆ, ಕೈಯಲ್ಲೇ ಹಾಕಬೇಕು, ನಾನು ಜವಾಬ್ದಾರಿ ಅಲ್ಲ ಅಂದರು. ಎಥ್ನಿಕ್ ಡೇಗೆ ಇನ್ನು ಒಂದೇ ವಾರ. ಮಗಳ ಮುಖ ನೋಡಿದೆ. ಅಳ್ತಿರಲಿಲ್ಲ, ಅಳದೇ ಇರಲು ಪ್ರಯತ್ನ ಮಾಡ್ತಿದ್ದಳು.

ಮನೆಗೆ ಬಂದು ನಾನೇ ಹೊಲಿಯುತ್ತೇನೆ ಅಂದೆ.

ಯಾಕೆ ಅಂದೆ ಅಂತ ಈಗಲೂ ಗೊತ್ತಿಲ್ಲ. ನನಗೆ ಬರುವ ಹೊಲಿಗೆ ಒಂದೇ, ಗೋಣಿಚೀಲದ ಬಾಯಿ ಹೊಲಿಯುವುದು, ದಬ್ಬಣ ಮತ್ತೆ ಸುತಳಿಯಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿತದ್ದು. ಅವ್ವ ಮಂಚದ ಮೇಲಿಂದಲೇ "ದಬ್ಬಣ ಹಿಡಿಯೋ ಕೈ ಅದು, ನನ್ ಸೀರಿ ಮುಟ್ಟಿಸ್ಬ್ಯಾಡ್ರಿ" ಅಂತ ಕೂಗಿದಳು. ಅವಳಿಗೆ ಕಣ್ಣು ಕಾಣಲ್ಲ, ಸೂಜಿಗೆ ದಾರ ಪೋಣಿಸಲಿಕ್ಕೂ ಆಗಲ್ಲ. ಮಗಳು ಸೂಜಿ ಹಿಡಿದರೆ ನಾಲ್ಕನೇ ಹೊಲಿಗೆಗೆ ಬೆರಳು ಚುಚ್ಚಿಕೊಳ್ತಾಳೆ. ಕೊನೆಗೆ ಅವ್ವನೇ ಇಳಿದು ಬಂದಳು, ಹೇಳಿಕೊಡಲು.

ಭಾನುವಾರ ಮತ್ತೆ ಸೋಮವಾರ, ಎರಡು ರಾತ್ರಿ. ಚಾಪೆ ಹಾಸಿ, ಅದರ ಮೇಲೆ ತೊಳೆದ ಬೆಡ್‌ಶೀಟ್ ಹಾಸಿ, ಅದರ ಮೇಲೆ ಸೀರೆ. ಹಳೇ ಫಾಲ್ಸ್ ಬಿಚ್ಚುವುದಕ್ಕೇ ಒಂದು ಗಂಟೆ, ಸಣ್ಣ ಕತ್ತರಿ ತಾಗಿಸಲೇಬೇಕಾಯಿತು, ಅವ್ವ ಮುಖ ಆ ಕಡೆ ತಿರುಗಿಸಿಕೊಂಡಳು. ಫಾಲ್ಸ್ ಅಂದರೆ ಗೊತ್ತಿಲ್ಲದ ಗಂಡಸರಿಗೆ ಹೇಳುತ್ತೇನೆ: ಸೀರೆಯ ಕೆಳ ಅಂಚಿನ ಒಳಗಡೆ, ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ ಹಿಡಿದು ನೆರಿಗೆ ಬರುವ ಭಾಗದ ತನಕ ಹಾಕುವ ಹತ್ತಿಬಟ್ಟೆ ಪಟ್ಟಿ. ನೆರಿಗೆ ಭಾರವಾಗಿ ನೆಟ್ಟಗೆ ಇಳಿಬೀಳಲಿ, ಕಾಲುಂಗುರ ಚಪ್ಪಲಿಗೆ ಸಿಕ್ಕಿ ಅಂಚು ಹರಿಯದಿರಲಿ ಅಂತ. ಸೂಜಿ ಸೀರೆಯ ಒಂದೋ ಎರಡೋ ಎಳೆಯನ್ನು ಮಾತ್ರ ಎತ್ತಬೇಕು. ಮೂರು ಎತ್ತಿದರೆ ಮುಂಭಾಗದಲ್ಲಿ ಚುಕ್ಕಿ ಕಾಣುತ್ತದೆ, ಒಂದೂ ಎತ್ತದಿದ್ದರೆ ಬಿಟ್ಟುಕೊಳ್ಳುತ್ತದೆ. ಮೊದಲ ಗೇಣು ಹೊಲಿದು ತೋರಿಸಿದೆ. ಅವ್ವ ಬೆರಳಲ್ಲಿ ಸವರಿ ನೋಡಿ, "ಐವತ್ತು ಕೆಜಿ ಜ್ವಾಳ ತುಂಬಾಕ ಹೊಲ್ದಿ ಏನಪ್ಪಾ? ಬಿಚ್ಚು" ಅಂದಳು. ಬಿಚ್ಚಿದೆ. ಎರಡನೇ ಸಲ ಹೊಲಿದೆ, ಅದನ್ನೂ ಬಿಚ್ಚಿಸಿದಳು. ಮೂರನೇ ಸಲಕ್ಕೆ ಏನೂ ಹೇಳಲಿಲ್ಲ. ನಮ್ಮವ್ವ ಏನೂ ಹೇಳದಿದ್ದರೆ ಅದು ಫಸ್ಟ್ ಕ್ಲಾಸ್ ಅಂತ ಲೆಕ್ಕ.

ಮಗಳು ಎದುರಿಗೆ ಕೂತು ಮೊಬೈಲ್ ಟಾರ್ಚ್ ಹಿಡಿದಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸೀರೆಯ ಅಂಚು, ಹಾಗಾಗಿ ಫೋನ್ ನೋಡಲಿಕ್ಕೆ ಆಗ್ತಿರಲಿಲ್ಲ. ಅದಕ್ಕೋ ಏನೋ, ಮಾತಾಡತೊಡಗಿದಳು. ಕ್ಲಾಸಿನ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರಂತೆ, ಇವಳು ಮಧ್ಯದಲ್ಲಿ ಸಿಕ್ಕಿಕೊಂಡಿದ್ದಾಳಂತೆ, ಒಬ್ಬಳ ಜೊತೆ ಊಟಕ್ಕೆ ಕೂತರೆ ಇನ್ನೊಬ್ಬಳಿಗೆ ಸಿಟ್ಟಂತೆ. ಫಿಸಿಕ್ಸ್ ಅರ್ಥ ಆಗ್ತದೆ, ಆದರೆ ಬರೆಯುವಾಗ ಕೈ ನಡುಗುತ್ತದಂತೆ. ನಾನು ತಲೆ ಎತ್ತಿ "ಯಾಕೆ ನಡುಗ್ತದೆ? ಡಾಕ್ಟರಿಗೆ ತೋರಿಸೋಣ?" ಅಂದೆ. ಅಷ್ಟೇ, "ಏನಿಲ್ಲ ಬಿಡ್ರಿ" ಅಂತ ನಿಲ್ಲಿಸಿಬಿಟ್ಟಳು. ಅವ್ವ ನನ್ನ ತೊಡೆಗೆ ಮೆಲ್ಲಗೆ ಚಿವುಟಿದಳು. ತಲೆ ಬಗ್ಗಿಸಿ ಹೊಲಿಯುವುದನ್ನು ಮುಂದುವರಿಸಿದೆ. ಅರ್ಧ ಗೇಣು ಹೊಲಿಯುವಷ್ಟರಲ್ಲಿ ಮತ್ತೆ ಶುರು ಮಾಡಿದಳು. ಆಮೇಲೆ ನಾನು ಬಾಯಿ ಬಿಡಲಿಲ್ಲ, ಹ್ಞೂಂ, ಉಹೂಂ ಅಷ್ಟೇ. ಎರಡೂವರೆ ಮೀಟರ್ ಫಾಲ್ಸ್‌ಗೆ ಎಷ್ಟು ಕಥೆ ಹಿಡಿಸಿತು ಅಂತೀರಿ! ಕೊನೆಗೆ ಗಂಟು ಹಾಕಿ ದಾರ ಕಡಿಯುವಾಗ, ಇನ್ನೊಂದು ಮೀಟರ್ ಇದ್ದಿದ್ದರೆ ಅನ್ನಿಸಿತು.

ಕುಚ್ಚು ಬೇಡ ಅಂದಳು. ದೇವರು ದೊಡ್ಡವನು.

ಬ್ಲೌಸ್ ಬಂದದ್ದು ಶುಕ್ರವಾರ ರಾತ್ರಿ ಒಂಬತ್ತೂವರೆಗೆ, ನಾನು ಅವರ ಬಾಗಿಲಲ್ಲಿ ಒಂದು ಗಂಟೆ ಕೂತು, ಹುಕ್ಕು ಹಾಕುವುದನ್ನು ಕಣ್ಣಾರೆ ನೋಡಿ ತಂದದ್ದು. ಚೆನ್ನಾಗಿ ಹೊಲಿದಿದ್ದರು, ಅದನ್ನೂ ಹೇಳಬೇಕು.

ಶನಿವಾರ ಬೆಳಗ್ಗೆ ಐದೂವರೆಗೆ ಸೀರೆ ಉಡಿಸುವ ಕೆಲಸ. ಬಳ್ಳಾರಿಯಿಂದ ಹೆಂಡತಿ ವಿಡಿಯೋ ಕಾಲ್‌ನಲ್ಲಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿತ್ತು. ಅವ್ವ ಕುರ್ಚಿಯಲ್ಲಿ. ಅವ್ವ ಹೇಳುವುದು ಒಂದು, ಹೆಂಡತಿ ಹೇಳುವುದು ಇನ್ನೊಂದು, ಮಗಳು ಮಾಡುವುದು ಯಾವುದೋ ರೀಲ್‌ನಲ್ಲಿ ನೋಡಿದ್ದು. ನನ್ನ ಕೆಲಸ ನೆಲದ ಮೇಲೆ ಕೂತು ನೆರಿಗೆಯ ತುದಿ ಜೋಡಿಸಿ ಹಿಡಿಯುವುದು. ಎಳೆಯಿರಿ, ಬಿಡಿ, ಅಷ್ಟು ಎಳೀಬೇಡಿ, ಬಿಟ್ಟೇ ಬಿಟ್ರಾ? ಮೂರು ಸಲ ಉಡಿಸಿ ಮೂರು ಸಲ ಬಿಚ್ಚಿದ್ದಾಯಿತು. ಸೆರಗಿನ ಮಡಿಕೆ ನಿಲ್ಲಲಿಲ್ಲ. ಅವ್ವ ಬಚ್ಚಲಿಗೆ ಎದ್ದು ಹೋದಾಗ ಹೆಂಡತಿ ಪಿಸುದನಿಯಲ್ಲಿ "ಈಗ, ಬೇಗ" ಅಂದಳು. ಹನ್ನೊಂದು ಪಿನ್ನು. ಅವ್ವ ವಾಪಸ್ ಬಂದು ನೋಡಿ, "ನೋಡು, ಪಿನ್ನಿಲ್ಲದೆ ಎಷ್ಟು ಚಂದ ಕುಂತೈತಿ" ಅಂದಳು. ಬಳ್ಳಾರಿಯಲ್ಲಿ ಯಾರೋ ಕೆಮ್ಮಿದರು.

ಫೋಟೋ ತೆಗೆಯಿರಿ ಅಂದಳು. ನಲವತ್ತು ತೆಗೆದೆ. ಎಲ್ಲದರಲ್ಲೂ ಪಾದ ಕಟ್ಟಾಗಿತ್ತಂತೆ, ಹಿಂದೆ ಗ್ಯಾಸ್ ಸಿಲಿಂಡರ್ ಬಂದಿತ್ತಂತೆ. ನನಗೆ ಅವಳೊಬ್ಬಳೇ ಕಂಡಿದ್ದು, ಸಿಲಿಂಡರ್ ನೋಡಿರಲಿಲ್ಲ.

ಗಾಡಿಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತು ಅಭ್ಯಾಸವಿಲ್ಲದವಳು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಸೆರಗು ಚಕ್ರಕ್ಕೆ ಸಿಕ್ಕೀತು ಅಂತ ನಾನು ಎತ್ತಿನಗಾಡಿ ವೇಗದಲ್ಲಿ ಹೋದೆ, ಹಿಂದಿನಿಂದ ಆಟೋದವರೆಲ್ಲ ಹಾರ್ನ್. ಕಾಲೇಜಿನ ಹಿಂದಿನ ತಿರುವಿನಲ್ಲೇ "ಇಲ್ಲೇ ನಿಲ್ಲಿಸ್ರಿ" ಅಂದಳು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, "ಅಪ್ಪಾಜಿ, ನೆರಿಗೆ ಸರಿ ಇದೆಯಾ?" ಅಂತ ಕೇಳಿದಳು. ರಸ್ತೆಯಲ್ಲೇ ಕೂತು ಸರಿ ಮಾಡಿದೆ. ಯಾರು ನೋಡ್ತಾರೆ ಅಂತ ಆಗ ಅವಳಿಗೂ ನೆನಪಾಗಲಿಲ್ಲ.

ಸಂಜೆ ಕರೆದುಕೊಂಡು ಬರಲು ಹೋದಾಗ ಸೀರೆ ಬೆಳಗ್ಗೆ ಇದ್ದ ಹಾಗೇ ಇತ್ತು. ಒಂದು ಕಲೆಯಿಲ್ಲ, ಒಂದು ಎಳೆ ಕಿತ್ತಿಲ್ಲ. ಊಟಕ್ಕೆ ಕೂಡ ಮಡಿಲ ಮೇಲೆ ದುಪಟ್ಟಾ ಹಾಸಿಕೊಂಡು ಕೂತಿದ್ದಳಂತೆ. ಎಲ್ಲರೂ ಕೇಳಿದರಂತೆ, ಯಾವ ಅಂಗಡಿ ಸೀರೆ ಅಂತ. ಮೊಳಕಾಲ್ಮೂರು, ಅಲ್ಲೇ ಅಶೋಕನ ಶಾಸನ ಇರೋದು ಅಂತ ಹೇಳಿದಳಂತೆ. ಇಷ್ಟು ಕೇಳಿ ಖುಷಿಯಾಗಿ, ಬಾ ದೋಸೆ ತಿನ್ನೋಣ ಅಂತ ಕರೆದುಕೊಂಡು ಹೋದದ್ದು ನಾನೇ. ಬಿಸಿ ಬೆಣ್ಣೆದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ ಉಂಡೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಅವಳು ಸೆರಗನ್ನು ಸುತ್ತಿ, ಹುಷಾರಾಗಿ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಇಟ್ಟಿದ್ದಳು. ನನ್ನ ತಟ್ಟೆಯ ತುತ್ತು ಬಾಯಿಗೆ ಹೋಗುವ ದಾರಿಯಲ್ಲಿ ಒಂದು ತೊಟ್ಟು ಬಿತ್ತು. ಒಂದೇ ತೊಟ್ಟು, ಜರಿಗೂ ಹಸಿರಿಗೂ ನಡುವೆ, ನಾಲ್ಕಾಣೆ ಅಗಲ.

ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

"ಅಜ್ಜಿಗೆ ಹೇಳ್ತೀರಾ?" ಅಂದಳು.

"ನೀನು ಹೇಳ್ತೀಯಾ?" ಅಂದೆ.

ರಾತ್ರಿ ಅವ್ವ ಮಲಗಿದ ಮೇಲೆ ನಡುಮನೆಯಲ್ಲಿ ಲೈಟ್ ಹಾಕದೆ, ಮತ್ತೆ ಅದೇ ಟಾರ್ಚು. ಪೌಡರ್ ಹಾಕಿ, ಜಿಡ್ಡು ಹೀರಿಕೊಳ್ಳುತ್ತೆ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಮೆತ್ತಗೆ ಒದರಿ, ಉಜ್ಜಬೇಡಿ ಅಂತ ಬಳ್ಳಾರಿಯಿಂದ ಸಲಹೆ ಬಂದಿತ್ತು. ಮಗಳು ಸೆರಗು ಬಿಗಿಯಾಗಿ ಹಿಡಿದಳು, ನಾನು ಟಾಲ್ಕಂ ಪೌಡರ್ ಡಬ್ಬಿ ಬಗ್ಗಿಸಿದೆ, ಮುಚ್ಚಳದ ತೂತು ಕಟ್ಟಿಕೊಂಡಿತ್ತು, ತಳಕ್ಕೆ ಒಂದೇಟು ಹೊಡೆದೆ. ಕಾಲು ಡಬ್ಬಿ ಒಟ್ಟಿಗೇ ಬಿತ್ತು.

ಒಳಗಿನಿಂದ ಅವ್ವ ಕೂಗಿದಳು. "ಪೌಡ್ರು ವಾಸನಿ ಬರ್ತತಿ, ಯಾರ್ ಹಚ್ಕೊಂಡ್ರಿ ಈ ಹೊತ್ನಾಗ?"

"ಅಪ್ಪಾಜಿ ಹಚ್ಕೊಂಡ್ರು ಅಜ್ಜಿ" ಅಂದಳು ಮಗಳು, ಒಂದು ಕ್ಷಣವೂ ತಡಮಾಡದೆ.